ಒಂದೇ ಕಡೆ ತಿರುಗುವ ಹಲಗೆ

ಮಾರ್ಚ್ 4, ಸಂಜೆ
ಇವತ್ತೂ ಹನ್ನೊಂದೇ ಶೂ. ಒಂದೊಂದಕ್ಕೂ ಇಪ್ಪತ್ತನಾಲ್ಕು ಫೋಟೋ. ನಾನು ಒಂದು ಕ್ಲಿಕ್ ಮಾಡಬೇಕು, ಭಾವ ಶೂವನ್ನು ಒಂದಿಷ್ಟು ತಿರುಗಿಸಬೇಕು, ಮತ್ತೆ ಕ್ಲಿಕ್. ಆನ್‌ಲೈನ್‌ನಲ್ಲಿ ಕೊಳ್ಳುವವರು ಬೆರಳಲ್ಲಿ ಎಳೆದರೆ ಶೂ ಸುತ್ತಬೇಕಲ್ಲ, ಅದಕ್ಕೆ. ಭಾವ ಒಮ್ಮೆ ಜಾಸ್ತಿ ತಿರುಗಿಸುತ್ತಾರೆ, ಒಮ್ಮೆ ಕಡಿಮೆ. ನಡುವೆ ಹೊಲಿಗೆ ಮೆಷಿನ್ ರಿಪೇರಿ ಅಂಗಡಿ ಇಟ್ಟಿದ್ದ ಕಾಲದ ಪುರಾಣ ಬೇರೆ... ಅಂಗಡಿ ಮುಚ್ಚಿದ ಮೇಲೆ, ಅಕ್ಕ ಕೇಳಿಕೊಂಡಳು ಅಂತ, ನಾನೇ ಅವರನ್ನು ಈ ಶೂ ಗೋದಾಮಿಗೆ ಸೇರಿಸಿದ್ದು. ತಲೆ ಚಿಟ್ಟು ಹಿಡಿಯುತ್ತದೆ.
ತಾನಾಗೇ ತಿರುಗುವ ಹಲಗೆ ಮಾಡಿಬಿಟ್ಟರೆ?

ಮಾರ್ಚ್ 9, ಭಾನುವಾರ
ಗುಜರಿಯಲ್ಲಿ ಹಾಳಾದ ಮೈಕ್ರೋವೇವ್ ಓವನ್ ಸಿಕ್ಕಿತು. ಒಳಗೆ ತಟ್ಟೆ ತಿರುಗಿಸುವ ಪುಟ್ಟ ಮೋಟರ್ ಇನ್ನೂ ಜೀವಂತ. ಪ್ಲೈವುಡ್ ದುಂಡಗೆ ಕೊಯ್ದೆ, ಬಿಳಿ ಪೇಂಟ್ ಬಳಿದೆ. ಅಂಚಿಗೆ ಇಪ್ಪತ್ತನಾಲ್ಕು ಗೆರೆ. ಸ್ವಿಚ್ ಒತ್ತಿದೆ — ತಿರುಗಿತು. ಆರಿಸಿ ಮತ್ತೆ ಒತ್ತಿದೆ — ಉಲ್ಟಾ. ಈ ಜಾತಿಯ ಮೋಟರೇ ಹಾಗಂತೆ, ತೋಚಿದ ಕಡೆ ಹೊರಡುತ್ತದೆ. ಮೈ ಪರಚಿಕೊಳ್ಳುವಂತಾಯಿತು.

ಮಾರ್ಚ್ 16
ಸೋತು, ಹಲಗೆಯನ್ನು ಅಕ್ಕನ ಮನೆಗೆ ಹೊತ್ತೆ. ಭಾವ ಮಗುಚಿ ಹಾಕಿ, ಕನ್ನಡಕ ಹಣೆಗೇರಿಸಿ, ಸುಮಾರು ಹೊತ್ತು ನೋಡಿದರು. ಮಾತೇ ಇಲ್ಲ, ಅದೇ ಆಶ್ಚರ್ಯ. ಡಬ್ಬದ ಮುಚ್ಚಳದಿಂದ ಒಂದು ತುಂಡು ತಗಡು ಕತ್ತರಿಸಿ ಮೋಟರಿನ ಪಕ್ಕ ಕೂರಿಸಿದರು. ಉಲ್ಟಾ ಹೊರಟರೆ ತಗಡಿಗೆ ತಾಗಿ ಪುಟಿಯುತ್ತದೆ, ಸರಿಯಾದ ಕಡೆಗೇ ತಿರುಗುತ್ತದೆ. ಮೂವತ್ತು ಸಲ ಒತ್ತಿದೆವು. ಮೂವತ್ತೂ ಸರಿ. ಆ ಒರಟು ಬೆರಳುಗಳಿಗೆ ಅಷ್ಟು ನಾಜೂಕು ಕೆಲಸ ಬರುತ್ತದೆ ಅಂತ ಗೊತ್ತಿರಲಿಲ್ಲ. ಇನ್ಮೇಲೆ ಇವರಿಗೂ ಕೆಲಸ ಹಗುರ ಅಲ್ವೇನೋ ಅಂದಳು ಅಕ್ಕ. ಹೂಂ ಅಂದೆ.

ಮಾರ್ಚ್ 17
ಮಧ್ಯಾಹ್ನದೊಳಗೆ ಇಪ್ಪತ್ತು ಶೂ ಮುಗಿದವು. ಮಾಲೀಕರೇ ಬಂದು ನೋಡಿದರು.
"ಯಾರು ಮಾಡಿದ್ದು ಇದನ್ನ?"
ಭಾವ ನನ್ನ ಮುಖ ನೋಡಿದರು.
"ನಾನೇ ಸಾರ್."
ಬಾಯಿ ತಪ್ಪಿ ಬಂತು. ಅಲ್ಲ — ಇಲ್ಲಾದರೂ ನಿಜ ಬರೆಯೋಣ. ಬೇಕಂತಲೇ ಹೇಳಿದೆ. ಮಾಲೀಕರು ಬೆನ್ನು ತಟ್ಟಿದರು. ಹಿಗ್ಗಿ ಹೀರೇಕಾಯಿ ಆದೆ.

ಮಾರ್ಚ್ 20
ಮಾಲೀಕರು ಭಾವನಿಗೆ ನಾಳೆಯಿಂದ ಬರಬೇಡಿ ಅಂದರು. ತಿರುಗಿಸೋಕೆ ಯಂತ್ರ ಇದೆ, ಯಂತ್ರ ನೋಡಿಕೊಳ್ಳೋಕೆ ಅದನ್ನು ಮಾಡಿದವನಿದ್ದಾನೆ, ಇಬ್ಬರು ಯಾಕೆ ಅಂತ. ಭಾವ ಟಿಫಿನ್ ಡಬ್ಬಿ ತೆಗೆದುಕೊಂಡು ಹೊರಟರು. ನಾನು ಲೆನ್ಸ್ ಒರೆಸುತ್ತಾ ನಿಂತಿದ್ದೆ. ಒರೆಸಿದ್ದನ್ನೇ ಒರೆಸುತ್ತಾ.
ಅಕ್ಕ ಫೋನ್ ಎತ್ತುತ್ತಿಲ್ಲ.

ಏಪ್ರಿಲ್ 28
ಹಲಗೆ ಮತ್ತೆ ತೋಚಿದ ಕಡೆ ತಿರುಗುತ್ತಿದೆ. ತಗಡು ಸವೆದಿದೆ. ನಾನೂ ಮೂರು ಕತ್ತರಿಸಿದೆ, ಒಂದೂ ನಿಲ್ಲಲಿಲ್ಲ. ನೀನೇ ತಾನೆ ಮಾಡಿದ್ದು, ನಾಳೆಯೊಳಗೆ ಸರಿ ಮಾಡು ಅಂದರು ಮಾಲೀಕರು.
ಮಾನ ಮರ್ಯಾದೆ ಬಿಟ್ಟು ಅಕ್ಕನ ಮನೆಗೆ ಹೋದೆ. ಭಾವ ಹಲಗೆ ಇಸಿದುಕೊಂಡು ಮಗುಚಿ ಹಾಕಿದರು. ಹತ್ತೇ ನಿಮಿಷ, ಹೊಸ ತಗಡು ಹಾಕಿ ಕೊಟ್ಟರು. ನಾಲ್ಕು ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅಕ್ಕ ಗೇಟಿನ ತನಕ ಬಂದಳು.
"ಇದು ಸರಿ ಹೋದ್ರೆ ತನ್ನ ಕೆಲಸ ಹೋಗುತ್ತೆ ಅಂತ ಅವರಿಗೆ ಅವತ್ತೇ ಗೊತ್ತಿತ್ತು ಕಣೋ. ಆದ್ರೂ ಮಾಡಿಕೊಟ್ರು. ನೀನು ಅವರ ಹೆಸರು ಹೇಳ್ತೀಯ, ರಿಪೇರಿಗಾದ್ರೂ ಇಟ್ಕೋತಾರೆ ಅಂದ್ಕೊಂಡಿದ್ರು."
ಹಲಗೆ ಎತ್ತಿಕೊಂಡು ಬಂದೆ.

ಏಪ್ರಿಲ್ 29
ಮಾಲೀಕರ ರೂಮಿನ ತನಕ ಎರಡು ಸಲ ಹೋಗಿ ವಾಪಸ್ ಬಂದೆ. ಫೋನಲ್ಲಿದ್ದರು ಅನ್ನೋದು ನೆಪ. ಮೂರನೇ ಸಲ ಬಾಗಿಲು ತಟ್ಟಿದೆ. ಏನು ಅಂದರು. ದಾರಿಯುದ್ದಕ್ಕೂ ಉರು ಹೊಡೆದಿದ್ದೆ — ಮಾಡಿದ್ದು ನಾನಲ್ಲ ಸಾರ್, ನಮ್ಮ ಭಾವ, ಅವರನ್ನ ವಾಪಸ್ ಕರೀರಿ.
"ಫೋಟೋಗೆ ಇನ್ನೊಂದು ಬಲ್ಬ್ ಬೇಕಿತ್ತು ಸಾರ್."
ಕೊಟ್ಟರು. ತೆಗೆದುಕೊಂಡು ಬಂದೆ. ಥೂ, ನನ್ನ ಜನ್ಮಕ್ಕಿಷ್ಟು.