ವಾರ್ನಿಷ್ ಹೊಡೆದ ತಿಂಡಿ ಹಲಗೆ

ರೀ,

ರಜೆ ದಿನಾನೂ ನನಗೆ ಆಸ್ಪತ್ರೆ ಡ್ಯೂಟಿ, ಹೊರಟೆ. ಸಂಜೆ ನಿಮ್ಮಕ್ಕ ಮಕ್ಕಳನ್ನ ಕರ್ಕೊಂಡು ಬರ್ತಾರೆ, ತಿಂಡಿ ಜೋಡಿಸೋಕೆ ಮರದ ಹಲಗೆ ತೊಳೆದಿಡಿ ಅಂದಿದ್ದೆ. ತೊಳೀರಿ ಅಂದ್ರೆ ವಾರ್ನಿಷ್ ಹೊಡೆದಿಟ್ಟಿದ್ದೀರಲ್ಲ. ಬಡಗಿಯನ್ನ ಕಟ್ಕೊಂಡಿದ್ದಕ್ಕೆ ಅನುಭವಿಸ್ಬೇಕು. ಅದರ ಮೇಲಿಟ್ಟ ಒಂದು ದ್ರಾಕ್ಷಿ ಬಾಯಿಗೆ ಹಾಕಿದೆ, ಹೊಸ ಬಾಗಿಲು ನೆಕ್ಕಿದ ಹಾಗಿತ್ತು.

ಎಲ್ಲ ದೊಡ್ಡ ಸ್ಟೀಲ್ ತಟ್ಟೆಯಲ್ಲೇ ಇಡಿ. ಚೀಸ್ ತೆಳ್ಳಗೆ ಹೆಚ್ಚಿ. ಬಿಸ್ಕತ್ತು ಜೋಡಿಸೋಕೆ ಅಳತೆ ಟೇಪು ಬೇಡ. ಗೋಡಂಬಿ ಮೇಲಿನ ಗೂಡಲ್ಲಿದೆ, ಮಕ್ಕಳಿಗೂ ಸ್ವಲ್ಪ ಉಳಿಸಿ.

ನಿಮ್ಮ ಊಟ ಒಲೆ ಪಕ್ಕ ಮುಚ್ಚಿಟ್ಟಿದ್ದೀನಿ.

ಉಳಿದ ವಾರ್ನಿಷ್ ಮುಂಬಾಗಿಲಿಗೆ ಹೊಡೀರಿ. ಮದುವೆಯಾದಾಗಿನಿಂದ ಕೇಳ್ತಾನೇ ಇದ್ದೀನಿ. ನಾನು ಅದರ ಮೇಲೂ ತಿಂಡಿ ಇಡ್ತೀನಿ ಅಂತಾನೇ ಅಂದ್ಕೊಳ್ಳಿ, ಆಗಲಾದ್ರೂ ಕೈ ಬರುತ್ತೇನೋ.