ಹಿಂದಿನ ಬೆಂಚಿನಿಂದ ಎದ್ದ ಮೇಲೆ

ಅಪ್ಪನಿಗೆ,

ನಿಮ್ಮ ದೊಡ್ಡ ಮಗನ ವಂದನೆಗಳು.

ಮೊನ್ನೆ ಭಾನುವಾರ ಆರಾಧನೆ ಮುಗಿದ ಮೇಲೆ, ಚರ್ಚಿನ ಗೇಟಿನ ಹತ್ತಿರ ಸೈಕಲ್ಲುಗಳ ಸಂದಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಿರಿ: "ನಾಚಿಕೆ ಆಗ್ಲಿಲ್ವಾ ನಿಂಗೆ? ಅಷ್ಟು ಸುಲಭಕ್ಕೆ ಇಳಿಸೋ ಭಾರಾನಾ ಅದು?" ಸುತ್ತ ಜನರಿದ್ದರು. ಸಭೆಯ ಹಿರಿಯರು ನೀವು, ನಿಮ್ಮ ಮರ್ಯಾದೆ ಉಳಿಯಲಿ ಎಂದು ಬಾಯಿ ಮುಚ್ಚಿಕೊಂಡು ಬಂದೆ. ಈಗ ಹೇಳುತ್ತೇನೆ. ಇಲ್ಲ ಅಪ್ಪ, ನಾಚಿಕೆ ಆಗಲಿಲ್ಲ. ಮುಂದಿನ ತಿಂಗಳೂ ಎದ್ದು, ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಕರ್ತನ ಮೇಜಿನ ಹತ್ತಿರ ಬರುತ್ತೇನೆ, ಅದರ ಮುಂದಿನ ತಿಂಗಳೂ ಬರುತ್ತೇನೆ. ನೀವು ತಡೆದರೆ ನಿಮ್ಮ ಪಕ್ಕದಿಂದ ಹಾದು ಬರುತ್ತೇನೆ.

ನಮ್ಮಿಬ್ಬರಿಗೇ ಗೊತ್ತು ಎಂದುಕೊಂಡಿರುವ ವಿಷಯವನ್ನು ಒಮ್ಮೆ ಮೊದಲಿನಿಂದ ಬರೆದುಬಿಡುತ್ತೇನೆ. ನಿಮಗೆ ಮರೆತಿದೆ ಎಂದಲ್ಲ. ಹನ್ನೊಂದು ವರ್ಷದಲ್ಲಿ ನಾವು ಬಿಸಿಲಿನ ಬಗ್ಗೆ ಮಾತಾಡಿದ್ದೇವೆ, ನಿಮ್ಮ ಕಣ್ಣಿನ ಪೊರೆಯ ಬಗ್ಗೆ ಮಾತಾಡಿದ್ದೇವೆ, ಇದರ ಬಗ್ಗೆ ಮಾತ್ರ ಬಾಯಿಬಿಟ್ಟಿಲ್ಲ.

ಲಿಫ್ಟ್ ರಿಪೇರಿಯ ಕೆಲಸವನ್ನು ನನಗೂ ತಮ್ಮನಿಗೂ ಕಲಿಸಿದವರು ನೀವು. ಮೊದಲ ದಿನ ನಮ್ಮ ಕೈಗೆ ಸ್ಪ್ಯಾನರ್ ಕೊಡಲಿಲ್ಲ, ಒಂದೊಂದು ಬೀಗ ಕೊಟ್ಟಿರಿ. ಲಿಫ್ಟಿನ ಹಾದಿಯೊಳಗೆ ಇಳಿಯುವವನು ಮೊದಲು ಮೇನ್ ಸ್ವಿಚ್ ಆರಿಸಿ ಅದಕ್ಕೆ ತನ್ನ ಸ್ವಂತ ಬೀಗ ಹಾಕಬೇಕು. ಮೂವರು ಇಳಿದರೆ ಮೂರು ಬೀಗ. ಯಾರು ಹಾಕಿದರೋ ಅವರೇ ಬಂದು ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ. "ಬೀಗ ಅಂದ್ರೆ ನಿಮ್ ಉಸಿರು ಕಣ್ರೋ," ಎನ್ನುತ್ತಿದ್ದಿರಿ. ಆದರೆ ಕೆಲಸಗಾರರು ಬೀಗ ತೆಗೆಯುವುದನ್ನು ಮರೆತು ಮನೆಗೆ ಹೋಗುತ್ತಿದ್ದರು, ಕೆಲಸ ನಿಂತುಹೋಗುತ್ತಿತ್ತು. ಅದಕ್ಕಾಗಿ ಪ್ರತಿಯೊಂದು ಬೀಗದ ಎರಡನೇ ಕೀಲಿಯನ್ನೂ ನೀವು ಗುಟ್ಟಾಗಿ ನಿಮ್ಮ ಗೊಂಚಲಿನಲ್ಲಿ ಸೇರಿಸಿಕೊಂಡಿರಿ. ಕಂಪನಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ಎಂದರೆ ಹೀಗಿರಬೇಕು ಎಂದು ನಾನಂತೂ ಒಳಗೊಳಗೇ ಹೆಮ್ಮೆಪಟ್ಟಿದ್ದೆ.

ಆ ದಿನ ಬೆಳಿಗ್ಗೆ ಒಂಬತ್ತು ಮಹಡಿಯ ಆಫೀಸು. ತಮ್ಮ ಲಿಫ್ಟಿನ ಹಾದಿಯ ತಳದ ಗುಂಡಿಯಲ್ಲಿ ಕೆಲಸ ಮುಗಿಸಿ ಟೀ ಕುಡಿಯಲು ಹೊರಟ. ನಾವಿಬ್ಬರೂ ಮೇಲೆ, ಮೋಟಾರಿನ ಕೋಣೆಯಲ್ಲಿ. ಕಟ್ಟಡದವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಸ್ವಿಚ್ಚಿನ ಮೇಲೆ ಅವನ ಬೀಗ ಹಾಗೇ ಇತ್ತು. "ಅವನು ಬರ್ಲಿ ಅಪ್ಪ," ಎಂದೆ. ನೀವು ಗೊಂಚಲಿನಿಂದ ಕೀಲಿ ಬಿಡಿಸಿ ನನ್ನ ಅಂಗೈಗೆ ಇಟ್ಟಿರಿ. "ಟೀಗೆ ಹೋಗಿದಾನೆ, ಕಿಟಕೀಲಿ ಕಣ್ಣಾರೆ ನೋಡಿದೀನಿ. ತೆಗಿ, ಮಾತು ಬೇಡ." ನಾನು ತೆಗೆದೆ. ಸ್ವಿಚ್ ಹಾಕಿದೆ, ಲಿಫ್ಟ್ ಕೆಳಗೆ ಇಳಿಯಿತು. ತಮ್ಮ ಕಟ್ಟಡದ ಗೇಟಿನವರೆಗೂ ಹೋಗಿದ್ದವನು ಮರೆತುಬಂದ ಕನ್ನಡಕಕ್ಕಾಗಿ ವಾಪಸ್ ಬಂದಿದ್ದ. ತನ್ನ ಬೀಗ ಮೇಲಿದೆ ಎಂಬ ಧೈರ್ಯದಲ್ಲಿ ಮತ್ತೆ ಗುಂಡಿಗೆ ಇಳಿದಿದ್ದ.

ಬಲಗಾಲು ಮಂಡಿಯ ಮೇಲಿಂದ ಹೋಯಿತು.

ಕಂಪನಿಯವರು ಬೀಗ ತೆಗೆದವರು ಯಾರು ಎಂದು ಕೇಳಿದರು. ನಾನು ಎಂದೆ. ಕೀಲಿ ಎಲ್ಲಿಂದ ಬಂತು ಎಂದರು. ತಮ್ಮನ ಸಾಮಾನಿನ ಡಬ್ಬಿಯಲ್ಲಿತ್ತು ಎಂದು ಸುಳ್ಳು ಹೇಳಿದೆ. ನೀವು ಪಕ್ಕದಲ್ಲೇ ನಿಂತು ಗೋಡೆ ನೋಡುತ್ತಿದ್ದಿರಿ. ನಿಮ್ಮನ್ನು ಉಳಿಸಬೇಕು ಎಂದು ಆ ಕ್ಷಣ ನನಗೆ ಯಾರೂ ಹೇಳಿಕೊಡಲಿಲ್ಲ, ತಾನಾಗಿ ಬಾಯಿಗೆ ಬಂತು. ನನ್ನ ಕೆಲಸ ಹೋಯಿತು. ಸಂಜೆ ಆಸ್ಪತ್ರೆಯ ಕಾರಿಡಾರಿನಲ್ಲಿ ನೀವು ಏನಾದರೂ ಹೇಳುತ್ತೀರಿ, ಹೆಗಲ ಮೇಲೆ ಕೈಯನ್ನಾದರೂ ಇಡುತ್ತೀರಿ ಎಂದು ಕಾದೆ. ನೀವು ಹೇಳಿದ್ದು ಇಷ್ಟು: "ಸಾಯೋ ತನಕ ಇದನ್ನ ಹೊತ್ಕೊಂಡಿರು. ಕರ್ತನ ಮೇಜಿನ ಹತ್ರ ನಿನ್ನ ಮುಖ ನಾನು ನೋಡಬಾರದು."

ವಿಧೇಯ ಮಗ ನಾನು. ಹೊತ್ತುಕೊಂಡೆ. ನನ್ನದನ್ನೂ ಹೊತ್ತೆ, ನಿಮ್ಮದನ್ನೂ ಹೊತ್ತೆ. ತಿಂಗಳ ಮೊದಲ ಭಾನುವಾರ ಎಲ್ಲರೂ ಎದ್ದು ಮುಂದೆ ಹೋಗುವಾಗ ನಾನು ಹಿಂದಿನ ಬೆಂಚಿನಲ್ಲಿ ಕುಳಿತು ನನ್ನ ಚಪ್ಪಲಿ ನೋಡುತ್ತಿದ್ದೆ. ಅಮ್ಮ ಒಂದು ಸಲ ಕೇಳಿದಳು, "ಯಾಕೋ ಯಾವಾಗ್ಲೂ ಹಿಂದೇ ಕೂತ್ಕೋತೀಯ?" ಅಲ್ಲಿ ಗಾಳಿ ಚೆನ್ನಾಗಿ ಬರುತ್ತಮ್ಮ ಎಂದೆ. ಅವಳು ಅದನ್ನೇ ನಂಬಿಕೊಂಡು ಕಣ್ಣುಮುಚ್ಚಿದಳು. ಇದನ್ನು ಬರೆಯುವಾಗ ನಿಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ.

ಅಂದಿನಿಂದ ನಾನು ಲಿಫ್ಟ್ ಹತ್ತಲಿಲ್ಲ. ಈಗ ನೀರಿನ ಪಂಪು ರಿಪೇರಿ ಮಾಡುತ್ತೇನೆ, ಎಷ್ಟನೇ ಮಹಡಿಗೆ ಕರೆದರೂ ಮೆಟ್ಟಿಲು. ತಮ್ಮನ ಮನೆ ಐದನೇ ಮಹಡಿ. ಅವನು ಕೃತಕ ಕಾಲು ಹಾಕಿಕೊಂಡು ಶಿಳ್ಳೆ ಹೊಡೆಯುತ್ತಾ ಲಿಫ್ಟಿನಲ್ಲಿ ಹೋಗುತ್ತಾನೆ, ನಾನು ಏದುಸಿರು ಬಿಡುತ್ತಾ ಹಿಂದೆ ಹತ್ತುತ್ತೇನೆ. "ಕಾಲು ಕಳ್ಕೊಂಡೋನು ನಾನು, ಮೆಟ್ಲು ಹತ್ತೋನು ನೀನು. ಹೊರಗೆ ಯಾರಿಗೂ ಹೇಳ್ಬೇಡಣ್ಣ, ನಗ್ತಾರೆ," ಎಂದು ಎಷ್ಟೋ ಸಲ ಕಾಲೆಳೆದಿದ್ದಾನೆ. ಕಾಲೆಳೆಯುವ ಮಾತಿಗೂ ಅವನೇ ನಗುತ್ತಾನೆ, ನನಗೆ ನಗು ಬರುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಅವನು ರಿಪೇರಿಗೆ ಹಿಡಿದಿದ್ದ ಹಳೆಯ ಹೊಲಿಗೆ ಯಂತ್ರವನ್ನು ತಂದುಕೊಡಲು ಹೋದೆ. ಬೀಡುಕಬ್ಬಿಣ, ಹೆಣಭಾರ. ಲಿಫ್ಟ್ ಕೆಳಗೇ ಬಾಗಿಲು ತೆರೆದುಕೊಂಡು ನಿಂತಿತ್ತು. ನಾನು ಮೆಟ್ಟಿಲು ಹಿಡಿದೆ. ನಾಲ್ಕನೇ ಮಹಡಿಯ ತಿರುವಿನಲ್ಲಿ ಮಂಡಿ ಕೈಕೊಟ್ಟಿತು. ಯಂತ್ರವನ್ನು ತಬ್ಬಿಕೊಂಡು ಅಲ್ಲೇ ಕುಸಿದೆ. ಇಳಿಸಲೂ ಆಗಲಿಲ್ಲ, ಏಳಲೂ ಆಗಲಿಲ್ಲ. ಸದ್ದು ಕೇಳಿ ತಮ್ಮ ಒಂದು ಮಹಡಿ ಮೆಟ್ಟಿಲನ್ನು ಕಂಬಿ ಹಿಡಿದು ಇಳಿದು ಬಂದ. ಅವನ ಮುಖದಲ್ಲಿ ಆವತ್ತು ತಮಾಷೆ ಇರಲಿಲ್ಲ. ನನ್ನ ಪಕ್ಕ ಕುಳಿತು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

"ಅಣ್ಣ, ನಂದು ದೇವರ ಹತ್ರ ಮೊದಲನೇ ವರ್ಷವೇ ಮಾತಾಡಿ ಮುಗಿಸಿದೀನಿ. ಬೈದಿದೀನಿ, ಅತ್ತಿದೀನಿ, ಆಮೇಲೆ ನಿದ್ದೆ ಮಾಡಿದೀನಿ. ನೀನು ಯಾಕೆ ಇನ್ನೂ ಹೊರ್ತಾ ಇದೀಯ? ಶಿಲುಬೆ ಮೇಲೆ ಒಬ್ರು ಸತ್ತಿದ್ದು ಸಾಲ್ಲಿಲ್ಲ ಅಂತ ನೀನೂ ಹತ್ತಿ ಕೂತಿದೀಯಾ? ಅಲ್ಲಿ ಜಾಗ ಇಲ್ಲ ಕಣಣ್ಣ. ಇಳಿ."

ಚಿಕ್ಕಂದಿನಿಂದ ಭಾನುವಾರ ತಪ್ಪದೆ ಸಭಾಪಾಲಕರ ಪ್ರಸಂಗ ಕೇಳಿದವನು ನಾನು. ದಣಿದವರನ್ನು, ಹೊರೆ ಹೊತ್ತವರನ್ನು ಯೇಸು ಹತ್ತಿರ ಕರೆಯುತ್ತಾನೆ ಎಂದು ಎಷ್ಟು ಸಲ ಕೇಳಿಲ್ಲ! ಆ ಕರೆ ಬೇರೆ ಯಾರಿಗೋ, ಕಡಿಮೆ ತಪ್ಪು ಮಾಡಿದವರಿಗೆ ಎಂದುಕೊಂಡಿದ್ದೆ. ಆ ಮೆಟ್ಟಿಲ ಮೇಲೆ ಕುಳಿತು ಪ್ರಾರ್ಥಿಸಿದೆ. ಸಭೆಯಲ್ಲಿ ನೀವು ಮಾಡುವಂಥ ಉದ್ದದ ಪ್ರಾರ್ಥನೆಯಲ್ಲ. "ಸ್ವಾಮಿ, ನನ್ನ ಕೈಲಿ ಆಗ್ತಿಲ್ಲ. ತಮ್ಮನ ಕಾಲು ತೆಗೆದಿದ್ದು ನಾನು, ಸುಳ್ಳು ಹೇಳಿದ್ದೂ ನಾನು. ತಗೋ," ಎಂದೆ. ಅಷ್ಟೇ. ಆಕಾಶದಿಂದ ದನಿ ಬರಲಿಲ್ಲ. ನನಗೆ ಆದದ್ದು ಒಂದೇ, ಬೆನ್ನಿನ ನರಗಳೆಲ್ಲ ಸಡಿಲಾಗಿ ವಿಪರೀತ ನಿದ್ದೆ ಬಂತು. ತಮ್ಮನ ಮನೆಯ ಸೋಫಾದಲ್ಲಿ, ಹಾಡಹಗಲಲ್ಲಿ, ಅವನ ಹೆಂಡತಿ ಕುಕ್ಕರ್ ಕೂಗಿಸುತ್ತಿದ್ದರೂ ನಾಲ್ಕು ಗಂಟೆ ಸತ್ತವನ ಹಾಗೆ ಮಲಗಿದೆ. ಎದ್ದು ಮನೆಗೆ ಹೊರಟಾಗ ಲಿಫ್ಟಿನಲ್ಲಿ ಇಳಿದೆ.

ಸುಲಭವಾಗಿ ಇಳಿಸಿದೆ ಎಂದಿರಲ್ಲ, ಅದಕ್ಕೆ ನನ್ನ ಉತ್ತರ ಕೇಳಿ. ಹೊರುವುದೇ ಸುಲಭ ಅಪ್ಪ. ಹೊತ್ತವನಿಗೆ ತಾನು ದಿನಾ ಏನನ್ನೋ ತೀರಿಸುತ್ತಿದ್ದೇನೆ ಎಂಬ ಬಿಂಕ ಇರುತ್ತದೆ. ಇಳಿಸುವಾಗ ಆ ಬಿಂಕವನ್ನೂ ಬಿಡಬೇಕು. ನಾನು ಏನು ಮಾಡಿದರೂ ಆ ಕಾಲು ಬೆಳೆಯುವುದಿಲ್ಲ, ನನ್ನ ಬೆನ್ನು ಮುರಿದರೂ ಬೆಳೆಯುವುದಿಲ್ಲ, ಇದನ್ನು ಒಪ್ಪಿಕೊಂಡು ಬರಿಗೈಯಲ್ಲಿ ದೇವರ ಮುಂದೆ ನಿಲ್ಲಬೇಕು. ತಪ್ಪು ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ಮಾಡಿದ್ದೇನೆ. ಆದರೆ ಶಿಕ್ಷೆ ಎಷ್ಟು ವರ್ಷ ಎಂದು ಗೊತ್ತುಮಾಡುವ ಹಕ್ಕು ನಿಮಗೆ ಯಾರು ಕೊಟ್ಟರು? ನಾನು ಕೊಟ್ಟಿದ್ದೆ. ಈಗ ವಾಪಸ್ ತೆಗೆದುಕೊಂಡಿದ್ದೇನೆ.

ಹಾಗಾಗಿ ಮೊನ್ನೆ ಎದ್ದು ಬಂದೆ. ಸಾಲಿನಲ್ಲಿ ಮೊಣಕಾಲೂರಿದೆ. ಸಭಾಪಾಲಕರು ನನ್ನ ಅಂಗೈಯಲ್ಲಿ ರೊಟ್ಟಿಯ ತುಂಡು ಇಟ್ಟರು. ಅವರ ಹಿಂದೆಯೇ ನೀವು ದ್ರಾಕ್ಷಾರಸದ ಪುಟ್ಟ ಲೋಟಗಳ ತಟ್ಟೆ ಹಿಡಿದು ಬಂದಿರಿ. ನನ್ನ ಎಡಗಡೆಯ ಟೀಚರಮ್ಮನಿಗೆ ತಟ್ಟೆ ಬಾಗಿಸಿದಿರಿ, ನನ್ನನ್ನು ದಾಟಿದಿರಿ, ಬಲಗಡೆ ಊರುಗೋಲು ಹಿಡಿದು ನಿಂತಿದ್ದ ತಮ್ಮನಿಗೆ ಬಾಗಿಸಿದಿರಿ. "ಅಪ್ಪಾ, ನಂಗೂ," ಎಂದೆ. ಗಟ್ಟಿಯಾಗಿಯೇ ಅಂದೆ. ಹಾಡುತ್ತಿದ್ದವರು ನಿಲ್ಲಿಸಿದರು. ತಟ್ಟೆಯಲ್ಲಿ ಲೋಟಗಳು ಗಲಗಲ ಅಂದವು, ನೀವು ಮಾತ್ರ ಮುಂದೆ ಹೋದಿರಿ. ತಮ್ಮ ತನ್ನ ಲೋಟದಲ್ಲಿ ಅರ್ಧ ಕುಡಿದು ಉಳಿದದ್ದನ್ನು ನನ್ನ ಬಾಯಿಗೆ ಹಿಡಿದ. "ಕುಡಿಯಣ್ಣ, ಇದೇನು ಹೊಟ್ಟೆ ತುಂಬೋಕಲ್ಲ," ಎಂದು ಪಿಸುಗುಟ್ಟಿದ. ನೀವು ಕೊಡದ ಲೋಟ ನನಗೆ ಸಿಕ್ಕಿದ್ದು ಹೀಗೆ. ಯಾರ ಕಾಲು ಹೋಯಿತೋ ಅವನ ಕೈಯಿಂದ.

ಇನ್ನೂ ಎರಡು ಮಾತಿದೆ. ಇವನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ನಿಧಾನವಾಗಿ ಓದಿ.

ಆ ಮೆಟ್ಟಿಲ ಮೇಲೆ ನಾನು ತಮ್ಮನಿಗೆ ನನ್ನ ಸುಳ್ಳನ್ನು ಒಪ್ಪಿಕೊಂಡೆ, ಕೀಲಿ ನಿನ್ನ ಡಬ್ಬಿಯಲ್ಲಿ ಇರಲಿಲ್ಲ ಎಂದೆ. ನಿಮ್ಮ ಹೆಸರು ಎತ್ತಲಿಲ್ಲ. ಅವನು ನನ್ನನ್ನು ತಡೆದ. "ನನ್ ಬೀಗದ ಇನ್ನೊಂದು ಕೀ ಯಾರ ಹತ್ರ ಇರ್ತಿತ್ತು ಅಂತ ನಂಗೆ ಗೊತ್ತಿಲ್ವಾ? ಆಸ್ಪತ್ರೇಲಿ ಕಣ್ಣು ಬಿಟ್ಟ ದಿನವೇ ಗೊತ್ತಾಯ್ತು. ಅಪ್ಪನ ತಪ್ಪನ್ನೂ ಆ ವರ್ಷವೇ ದೇವರಿಗೆ ಕೊಟ್ಬಿಟ್ಟೆ. ಅವರಾಗಿ ಬಂದು ಹೇಳ್ತಾರೆ ಅಂತ ಕಾಯ್ತಾ ಇದೀನಿ, ಅಷ್ಟೇ." ಹನ್ನೊಂದು ವರ್ಷ, ಅಪ್ಪ. ಪ್ರತಿ ಭಾನುವಾರ ನಿಮ್ಮ ಕೈಕುಲುಕಿ ವಂದನೆ ಹೇಳುತ್ತಾನಲ್ಲ, ಎಲ್ಲವನ್ನೂ ತಿಳಿದೇ ಹೇಳುತ್ತಾನೆ.

ಎರಡನೆಯದು ನಾನೇ ಕಂಡದ್ದು. ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಎಲ್ಲವೂ ಕಾಣುತ್ತದೆ. ಎಲ್ಲರಿಗೂ ಕೊಟ್ಟ ಮೇಲೆ ಹಿರಿಯರು ತಾವೂ ಒಂದೊಂದು ಲೋಟ ತೆಗೆದುಕೊಳ್ಳುತ್ತಾರೆ. ನೀವು ತಟ್ಟೆಯನ್ನು ಮೇಜಿನ ಮೇಲಿಟ್ಟು, ಬಿಳಿ ಬಟ್ಟೆ ಹೊದಿಸಿ, ಸರಿದು ನಿಲ್ಲುತ್ತೀರಿ. ಒಂದು ತಿಂಗಳೂ ತಪ್ಪಿಲ್ಲ. ಇಷ್ಟು ವರ್ಷ ಊರಿಗೆಲ್ಲ ಹಂಚಿದಿರಿ, ನಿಮ್ಮ ತುಟಿಗೆ ಒಂದು ಹನಿ ಮುಟ್ಟಿಸಿಕೊಳ್ಳಲಿಲ್ಲ. ಮೇಜಿನಿಂದ ದೂರ ಇಟ್ಟದ್ದು ನನ್ನೊಬ್ಬನನ್ನೇ ಅಲ್ಲ ಎಂದು ನನಗೆ ಎಂದೋ ಗೊತ್ತಾಗಿತ್ತು. ನಿಮ್ಮ ಹೊರೆಯನ್ನು ನಾನು ಇನ್ನು ಹೊರುವುದಿಲ್ಲ. ಹೊರಲಾರದೆ ಅಲ್ಲ, ಅದು ನನ್ನದಲ್ಲ ಎಂದು. ನಾನು ಹೊರುತ್ತಿರುವವರೆಗೂ ನೀವು ಇಳಿಸುವುದೇ ಇಲ್ಲ.

ಮುಂದಿನ ಮೊದಲ ಭಾನುವಾರ ತಟ್ಟೆಯನ್ನು ಬೇರೆ ಯಾರ ಕೈಗಾದರೂ ಕೊಡಿ. ನನ್ನ ಮತ್ತು ತಮ್ಮನ ನಡುವೆ ಒಬ್ಬರು ಮೊಣಕಾಲೂರುವಷ್ಟು ಜಾಗ ಬಿಡುತ್ತೇವೆ. ಟೀಚರಮ್ಮ ಬಂದರೆ ಕೊಡುವುದಿಲ್ಲ, ಸಭಾಪಾಲಕರು ಹೇಳಿದರೂ ಸರಿಯುವುದಿಲ್ಲ. ಮುದುಕರಾಗಿದ್ದೀರಿ, ಮೊಣಕಾಲೂರಲು ಕಷ್ಟವಾದರೆ ಒಂದು ಕಡೆ ನನ್ನ ಹೆಗಲು ಹಿಡಿಯಿರಿ, ಇನ್ನೊಂದು ಕಡೆ ಅವನ ಊರುಗೋಲು ಹಿಡಿಯಿರಿ.

ನಮ್ಮನ್ನು ಕ್ಷಮಿಸಿದವನು ನಿಮ್ಮನ್ನೂ ಕೈಬಿಡದಿರಲಿ.

ಇನ್ನು ನಿಮಗೆ ಹೆದರದ, ನಿಮ್ಮನ್ನು ಬಿಟ್ಟೂ ಕೊಡದ,
ನಿಮ್ಮ ದೊಡ್ಡ ಮಗ