ಗುಂಡಿಯ ಕೆಳಗಿನ ಕೆಂಪು ದಾರ

ರೀ,

ನಿಮ್ಮ ಫೋಟೊ ಹಿಡಿದು ಈ ಪರದೇಶದ ಊರಿನ ಹೊಲಿಗೆ ಅಂಗಡಿಗಳನ್ನೆಲ್ಲ ಸುತ್ತುತ್ತಿದ್ದೇನೆ. ಇವತ್ತು ರೈಲು ಸೇತುವೆಯ ಕೆಳಗಿನ ಅಂಗಡಿಗೆ ಹೋಗಿದ್ದೆ.

"ಇವ್ರು ನಮ್ಮನೆಯವ್ರು. ಎಲ್ಲಾದ್ರೂ ನೋಡಿದೀರಾ ಅಮ್ಮಾ?" ಎಂದು ಅಲ್ಲಿನ ಮುದುಕಿಯನ್ನು ಕನ್ನಡದಲ್ಲೇ ಕೇಳಿದೆ. ನನಗೆ ಬೇರೆ ಯಾವ ಭಾಷೆ ಬರುತ್ತದೆ? ಪರದೆಯ ಹಿಂದೆ ಓಡುತ್ತಿದ್ದ ಮಿಷನ್ನು ಗಕ್ಕನೆ ನಿಂತಿತು. ಮುದುಕಿ ಫೋಟೊ ನೋಡಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಆಮೇಲೆ ನನ್ನ ಕೋಟಿನ ಗುಂಡಿ ಬಿದ್ದುಹೋಗಿದ್ದನ್ನು ಕಂಡು, ಬಿಚ್ಚಿಕೊಡು ಎಂದು ಸನ್ನೆ ಮಾಡಿ, ಕೋಟನ್ನು ಒಳಗೆ ಒಯ್ದಳು. ಹೊಸ ಗುಂಡಿ ಹಾಕಿಸಿ ತಂದುಕೊಟ್ಟಳು.

ಕೋಣೆಗೆ ಬಂದು ಕೋಟು ಬಿಚ್ಚುವಾಗ ನೋಡಿದೆ. ಗುಂಡಿಯ ಕೆಳಗೆ ಒಂದು ಸುತ್ತು ಕೆಂಪು ದಾರ.

ಊರವರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದ ನೀವು, ಮದುವೆಯಾದಾಗಿನಿಂದ ನನ್ನ ಬಟ್ಟೆಯ ಗುಂಡಿಗೆ ಮಾತ್ರ ಹಾಗೆ ಸುತ್ತುತ್ತಿದ್ದಿರಿ. "ಯಾರಿಗೂ ಕಾಣಲ್ಲ ಕಣೇ, ನಿಂಗೆ ಗೊತ್ತಿದ್ರೆ ಸಾಕು" ಅನ್ನುತ್ತಿದ್ದಿರಿ.

ನನ್ನ ದನಿ ಕೇಳಿತಲ್ಲ? ಕೋಟು ಕೈಗೆ ಬಂತಲ್ಲ? ಒಂದು ಪರದೆ ಸರಿಸುವುದಕ್ಕೆ ಆಗಲಿಲ್ಲವೇನ್ರೀ?

ತಿರುಗಿ ಆ ಅಂಗಡಿಗೆ ಓಡಿಬಂದು ಬಾಗಿಲು ಬಡಿಯೋಣವೆಂದು ಚಪ್ಪಲಿ ಮೆಟ್ಟಿದೆ. ನೀವು ಹಿಂದಿನ ಬಾಗಿಲಿಂದ ಹೊರಟುಬಿಟ್ಟರೆ ಎಂದು ಹೆದರಿ ಮತ್ತೆ ಕೂತೆ.

ಈಗ ಅದೇ ಕೋಟಿನ ಇನ್ನೊಂದು ಗುಂಡಿ ಕಿತ್ತಿದ್ದೇನೆ. ಬೆಳಗ್ಗೆ ಆ ಮುದುಕಿಯ ಕೈಗೆ ಈ ಕಾಗದ ಕೊಡುವುದಿಲ್ಲ. ಕೋಟು ಕೊಡುತ್ತೇನೆ.